ಆ ಹುಡುಗಿಗೆ ಹತ್ತು ಅಂಕ ಕೊಡುವುದು ಬಾಕಿ ಇದೆ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದು ಇಳಿಸದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಪರಿಚಯದವರ ಮನೆಯ ಹಿತ್ತಲಿನಲ್ಲಿ ನಾಲ್ಕೈದು ಕನ್ನಡ ಕುಟುಂಬಗಳು ಸೇರಿದ್ದೆವು. ಗಿರಮಿಟ್ಟು, ಮಿರ್ಚಿ, ಪಿಟ್ಸ್‌ಬರ್ಗಿನ ಬೇಸಿಗೆಯ ಸೆಕೆ. ಮಕ್ಕಳಿಗೆಂದು ಒಬ್ಬರು ರಸಪ್ರಶ್ನೆ ಇಟ್ಟಿದ್ದರು. ಬೇಸ್‌ಬಾಲ್ ಸುತ್ತು ಬಂತು. ‘ಇಡೀ ವೃತ್ತಿಜೀವನದ ಬ್ಯಾಟಿಂಗ್ ಸರಾಸರಿ ಯಾರದು ಎಲ್ಲರಿಗಿಂತ ಹೆಚ್ಚು?’ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ ‘ಜಾಶ್ ಗಿಬ್ಸನ್’ ಎಂದಳು. ಮಹಾಶಯರು ಕೈಯಲ್ಲಿದ್ದ ಹಾಳೆ ನೋಡಿ, ‘ತಪ್ಪು ಪುಟ್ಟಾ, ಟೈ ಕಾಬ್’ ಎಂದು ಹಳೆಯ ಕಾಲದ ಬಿಳಿ ಆಟಗಾರನ ಹೆಸರು ಹೇಳಿದರು. ‘ಇಲ್ಲ ಅಂಕಲ್, ಈಗ ಅದು ಬದಲಾಗಿದೆ’ ಎಂದಳು. ‘ನನ್ನ ಹಾಳೆಯಲ್ಲಿ ಇರುವುದೇ ಉತ್ತರ’ ಎಂದು ಅವರು ನಕ್ಕು ಮುಂದಿನ ಪ್ರಶ್ನೆಗೆ ಹೋದರು. ಉಳಿದವರೂ ನಕ್ಕರು. ಹುಡುಗಿ ಕೂತಳು.

ಹುಡುಗಿ ಹೇಳಿದ್ದೇ ಸರಿ. 2024ರ ಮೇ ತಿಂಗಳಿನಿಂದ ಅಧಿಕೃತವಾಗಿಯೇ ಸರಿ. ಅಮೆರಿಕದ ಬೇಸ್‌ಬಾಲ್‌ನ ಅತಿ ದೊಡ್ಡ ಕೂಟವಾದ ಮೇಜರ್ ಲೀಗ್ ಬಹುಕಾಲ ಕಪ್ಪು ಆಟಗಾರರನ್ನು ಒಳಗೆ ಬಿಡುತ್ತಿರಲಿಲ್ಲ. 1920ರಿಂದ 1948ರವರೆಗೆ ಅವರು ಆಡಿದ, ಆಗ ನೀಗ್ರೋ ಲೀಗ್ ಎಂದು ಕರೆಯುತ್ತಿದ್ದ ಏಳು ಲೀಗ್‌ಗಳ ಲೆಕ್ಕವನ್ನು ಅದು ಈಗ ತನ್ನ ದಾಖಲೆಗೆ ಸೇರಿಸಿಕೊಂಡಿತು. 2300ಕ್ಕೂ ಹೆಚ್ಚು ಆಟಗಾರರು. ಗಿಬ್ಸನ್ ಸರಾಸರಿ .372, ಕಾಬ್‌ದು .367. ಎಂದರೆ ಸಾವಿರ ಸಲ ಬ್ಯಾಟ್ ಬೀಸುವ ಅವಕಾಶ ಸಿಕ್ಕರೆ ಗಿಬ್ಸನ್ 372 ಹಿಟ್ ಹೊಡೆಯುತ್ತಿದ್ದ. 1943ರಲ್ಲಂತೂ ಅವನ ಸರಾಸರಿ .466. ಹೊಡೆತದ ಬಲ ಅಳೆಯುವ ಸ್ಲಗಿಂಗ್ ಲೆಕ್ಕದಲ್ಲಿ ಸಾಕ್ಷಾತ್ ಬೇಬ್ ರೂತ್‌ನ .690ನ್ನೂ ದಾಟಿ .718. ಇಷ್ಟನ್ನೂ ಮಾಡಿದವನು ಕ್ಯಾಚರ್. ಪಂದ್ಯವಿಡೀ ಕುಕ್ಕರುಗಾಲಿನಲ್ಲಿ ಕೂತು ಚೆಂಡು ಹಿಡಿದ ಮೇಲೆ ಎದ್ದು ಬಂದು ಬ್ಯಾಟ್ ಬೀಸಬೇಕು. ನಮ್ಮ ವಿಕೆಟ್‌ಕೀಪರ್‌ಗಳ ಮಂಡಿಯನ್ನು ಕೇಳಿ ನೋಡಿ, ಹೇಳುತ್ತವೆ.

ರೂತ್ ಮೇಲೆ ನನಗೇನೂ ಕೋಪವಿಲ್ಲ. ನಮ್ಮ ಸಿಕ್ಸರ್‌ನಂಥ ಹೋಮ್ ರನ್ 714, 1927ರ ಒಂದೇ ವರ್ಷದಲ್ಲಿ 60, ಅದಕ್ಕೂ ಮುಂಚೆ ಒಳ್ಳೆಯ ಪಿಚರ್, ಎಂದರೆ ಚೆಂಡು ಎಸೆಯುವವನು ಬೇರೆ. ದೊಡ್ಡ ಆಟಗಾರ, ನಮಸ್ಕಾರ. ಆದರೆ ಲೀಗ್ ಪಂದ್ಯದಲ್ಲಿ ಒಬ್ಬನೇ ಒಬ್ಬ ಕಪ್ಪು ಪಿಚರ್ ಅವನಿಗೆ ಚೆಂಡು ಎಸೆದಿಲ್ಲ. ಸ್ಯಾಚೆಲ್ ಪೇಜ್‌ನಂಥವನನ್ನು ಎದುರಿಸದೆ ಗಳಿಸಿದ 714 ಅದು. ಆ ಪೇಜ್‌ನನ್ನು ಮೇಜರ್ ಲೀಗ್ ಒಳಗೆ ಬಿಟ್ಟುಕೊಂಡದ್ದು 1948ರಲ್ಲಿ, ಅವನಿಗೆ 42 ತುಂಬಿದ ಮೇಲೆ! ಗಿಬ್ಸನ್‌ಗೆ ‘ಕಪ್ಪು ಬೇಬ್ ರೂತ್’ ಎಂಬ ಬಿರುದು. ಇಬ್ಬರ ಆಟವನ್ನೂ ಕಂಡ ಕೆಲವರು ರೂತ್‌ನನ್ನೇ ‘ಬಿಳಿ ಜಾಶ್ ಗಿಬ್ಸನ್’ ಎನ್ನುತ್ತಿದ್ದರಂತೆ. ಆ ಬಿರುದು ಮಾತ್ರ ಯಾವ ಹಾಳೆಗೂ ಏರಲಿಲ್ಲ.

ಊಟದ ಹೊತ್ತಿಗೆ ಒಬ್ಬರು, ನಾನು ಕಾಯುತ್ತಿದ್ದ ಮಾತನ್ನು ಹೇಳಿಯೇ ಬಿಟ್ಟರು. ಆ ಲೀಗ್‌ಗಳಲ್ಲಿ ವರ್ಷಕ್ಕೆ ಅರವತ್ತು, ಎಪ್ಪತ್ತು ಪಂದ್ಯ. ಕಾಬ್ ಆಡಿದ್ದು ನೂರೈವತ್ತು. ಹೋಲಿಸುವುದು ಹೇಗೆ? ದಾಖಲೆಯೂ ಪೂರ್ತಿ ಇಲ್ಲವಲ್ಲ?

ಒಪ್ಪೋಣ, ಅರ್ಧ ನಿಮಿಷ.

2020ರಲ್ಲಿ ಕೋವಿಡ್ ಬಂದು ಮೇಜರ್ ಲೀಗ್ ತಂಡಗಳು ಹೆಚ್ಚೆಂದರೆ ತಲಾ 60 ಪಂದ್ಯ ಆಡಿದವು. ಆ ವರ್ಷದ ಬ್ಯಾಟಿಂಗ್ ಪಟ್ಟವನ್ನು ಯಾರೂ ಕಸಿದುಕೊಳ್ಳಲಿಲ್ಲ, ಡಾಡ್ಜರ್ಸ್ ಗೆದ್ದ ವಿಶ್ವ ಸರಣಿಯೂ ಲೆಕ್ಕಕ್ಕಿದೆ. ಇನ್ನು ದಾಖಲೆಯ ಪಾವಿತ್ರ್ಯ. 1910ರ ಒಂದು ಪಂದ್ಯವನ್ನು ಕಡತದಲ್ಲಿ ಎರಡು ಸಲ ಬರೆದು ಕಾಬ್‌ಗೆ ಎರಡು ಹಿಟ್ ಹೆಚ್ಚಿಗೆ ಕೊಟ್ಟಿದ್ದರು. 1981ರಲ್ಲಿ ಅದು ಬಯಲಾದಾಗ ಕಮಿಷನರ್ ಬೋವಿ ಕೂನ್ ತಿದ್ದಲು ಒಪ್ಪಲಿಲ್ಲ. ಸಂಶೋಧಕರ ಲೆಕ್ಕ 4189, ಲೀಗಿನ ಲೆಕ್ಕ ಇವತ್ತಿಗೂ 4191. ಕಾಬ್ ಹೊಡೆಯದ ಎರಡು ಹಿಟ್ ಒಳಗಿದ್ದರೆ ಯಾರಿಗೂ ಹೊಟ್ಟೆನೋವಿಲ್ಲ. ಗಿಬ್ಸನ್ ಹೊಡೆದದ್ದನ್ನು ಬರೆದರೆ ಮಾತ್ರ ಎಲ್ಲರೂ ಗಣಿತ ಮೇಷ್ಟ್ರುಗಳು. ಕಡಿಮೆ ಪಂದ್ಯ ಆಡಿದನಂತೆ! ಬಾಗಿಲು ಹಾಕಿ ಚಿಲಕ ಜಡಿದವರೇ ಹಾಜರಿ ಪುಸ್ತಕ ತೆರೆದು ಕೂತಂತಾಯಿತು.

ಅಷ್ಟಕ್ಕೂ ಅವನು ಆಡಿದ್ದು ಕಡಿಮೆಯೇನಲ್ಲ. ಲೀಗಿನ ಹೊರಗೆ, ಊರೂರು ಸುತ್ತಿ ಸಿಕ್ಕ ಸಿಕ್ಕ ತಂಡದ ಮೇಲೆ ಆಡಿದ ಪಂದ್ಯಗಳೇ ಹೆಚ್ಚು. ಹೊಟ್ಟೆಪಾಡು ಹಾಗಿತ್ತು. ಬೇಸ್‌ಬಾಲ್ ದಿಗ್ಗಜರ ಗೌರವ ಭವನವಾದ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್‌ನಲ್ಲಿ ಅವನ ಫಲಕ ‘ಸುಮಾರು 800 ಹೋಮ್ ರನ್’ ಎನ್ನುತ್ತದೆ. ಅಧಿಕೃತ ಲೆಕ್ಕದಲ್ಲಿ ಇನ್ನೂರೂ ಇಲ್ಲ. ಮಿಕ್ಕವು ಯಾವ ಹೊಲಕ್ಕೆ ಬಿದ್ದವೋ.

ಗಿಬ್ಸನ್ ನಮ್ಮ ಪಿಟ್ಸ್‌ಬರ್ಗಿನವನೇ. ಹುಟ್ಟಿದ್ದು ಜಾರ್ಜಿಯಾದಲ್ಲಿ, 1911ರಲ್ಲಿ. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಬಂದ ಅಪ್ಪನ ಹಿಂದೆ ಇಲ್ಲಿಗೆ ಬಂದ. ಅವನು ಇನ್ನೂ ಹದಿನೆಂಟರ ಹುಡುಗ, ಹೆಂಡತಿ ಅವಳಿ ಮಕ್ಕಳನ್ನು ಹೆತ್ತು ತೀರಿಕೊಂಡಳು. 1947ರ ಜನವರಿ 20ರಂದು ಅವನೂ ಹೋದ, 35ನೇ ವಯಸ್ಸಿಗೆ. ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಮೇಜರ್ ಲೀಗಿನ ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದು ಆ ಚಿಲಕ ತೆಗೆಸಿದ್ದು ಅದೇ ವರ್ಷ ಏಪ್ರಿಲ್ 15ಕ್ಕೆ. ನಡುವೆ ಮೂರು ತಿಂಗಳೂ ಇಲ್ಲ. ಹಾಲ್ ಆಫ್ ಫೇಮ್ ಗೌರವ 1972ರಲ್ಲಿ ಬಂತು, ಆಗಲೂ ಅಲಿಗೆನಿ ಸ್ಮಶಾನದಲ್ಲಿ ಅವನ ಸಮಾಧಿಯ ಮೇಲೊಂದು ಕಲ್ಲಿರಲಿಲ್ಲ. ಕಲ್ಲು ಹಾಕಿಸಿದ್ದು 1975ರಲ್ಲಿ.

ಆ ಸ್ಮಶಾನದ ಗೋಡೆಯ ಪಕ್ಕದಲ್ಲೇ ನಾನು ಆರು ವರ್ಷ ಕಚೇರಿಗೆ ಕಾರು ಓಡಿಸಿದ್ದೇನೆ. ಒಳಗೆ ಯಾರಿದ್ದಾರೆ ಎಂದು ಗೊತ್ತಿರಲಿಲ್ಲ. ಇನ್ನೂ ನಾಚಿಕೆಗೇಡು ಮುಂದಿದೆ. ನಾನು ಧಾರವಾಡದವನು, ಹುಡುಗನಾಗಿದ್ದಾಗಿನಿಂದ ಕ್ರಿಕೆಟ್ ಉಂಡು ಮಲಗಿದವನು, ನಿಮಗೆಲ್ಲ ಗೊತ್ತು. ಪಲ್ವಣಕರ್ ಬಾಳೂ ಧಾರವಾಡದಲ್ಲಿ ಹುಟ್ಟಿದವರು ಎಂದು ತಿಳಿದದ್ದು ಮಾತ್ರ ಈ ದೇಶಕ್ಕೆ ಬಂದ ಮೇಲೆ. ದಲಿತ ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಅವರ ಚೆಂಡು ಬೇಕಿತ್ತು, ಹಿಂದೂ ತಂಡದ ನಾಯಕತ್ವ ಕೊಡಲು ಮಾತ್ರ ಜಾತಿ ಅಡ್ಡ ಬಂತು. ಚಹಾ ಕೊಡುತ್ತಿದ್ದದ್ದು ಹೊರಗೆ, ಬೇರೆ ಲೋಟದಲ್ಲಿ. ನಮ್ಮ ಓಣಿಯ ಯಾವ ಹಿರಿಯರೂ ನನಗೆ ಈ ಹೆಸರು ಹೇಳಲಿಲ್ಲ. ಹೇಳಿದ್ದರೆ ಗಿಬ್ಸನ್ ಕಥೆ ಅರ್ಥವಾಗಲು ನನಗೆ ಇಷ್ಟು ವರ್ಷ ಹಿಡಿಯುತ್ತಿರಲಿಲ್ಲ.

ಮತ್ತೆ ನಿನ್ನೆಯ ಹಾಳೆಗೆ ಬರುತ್ತೇನೆ, ಅದನ್ನು ಬಿಡಲು ಆಗುತ್ತಿಲ್ಲ. ಹಾಳೆ ಹಳೆಯದಾಗಿರಬಹುದು, ಪರವಾಗಿಲ್ಲ. ಒಂದು ನಿಮಿಷ ಮೊಬೈಲ್ ತೆಗೆದು ನೋಡಲು ಏನಾಗಿತ್ತು? ಬಾಸುಮತಿಗೆ ಎಷ್ಟು ನೀರು ಎಂದು ದಿನಕ್ಕೆ ಮೂರು ಸಲ ಅದೇ ಮೊಬೈಲ್ ಕೇಳುತ್ತೇವೆ.

ಇಷ್ಟೆಲ್ಲ ಕೂಗಾಡುತ್ತಿರುವ ನಾನು ಆಗ ಏನು ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ಮಿರ್ಚಿ ತಿನ್ನುತ್ತಿದ್ದೆ. ಉತ್ತರ ಗೊತ್ತಿತ್ತು. ಆತಿಥೇಯರ ಮುಂದೆ ಗಲಾಟೆ ಯಾಕೆ ಎಂದು ಬಾಯಿ ತೆರೆಯಲಿಲ್ಲ.

ಇವತ್ತು ಬೆಳಿಗ್ಗೆ ಹುಡುಗಿಯ ಮನೆಗೆ ಫೋನ್ ಮಾಡಿದೆ. ಅವಳೇ ಎತ್ತಿದಳು. ‘ನಿನ್ನ ಉತ್ತರ ಸರಿ ಇತ್ತು ಪುಟ್ಟಾ’ ಎಂದೆ. ‘ನಿಮಗೆ ನಿನ್ನೆಯೇ ಗೊತ್ತಿತ್ತಾ ಅಂಕಲ್?’ ಎಂದಳು.

ಅಪ್ಪನಿಗೆ ಫೋನ್ ಕೊಡಮ್ಮ ಎಂದೆ.