ಇಳಿದ್ಯೇನೋ?

ಮಿಕ್ಸಿ ಹಾಕುವ ಮೊದಲು ನಮ್ಮಮ್ಮ ಅಡುಗೆಮನೆಯಿಂದಲೇ ಒಂದು ಕೂಗು ಹಾಕುತ್ತಾರೆ. "ಇಳಿದ್ಯೇನೋ?"

ಮನೆಗೆ ಬಂದ ನೆಂಟರಿಗೆ ಇದು ಅರ್ಥವಾಗುವುದಿಲ್ಲ. ನಾನು ಕಣ್ಣೆದುರೇ ಕುರ್ಚಿಯಲ್ಲಿ ಕೂತಿರುತ್ತೇನೆ. ಎಲ್ಲಿಂದ ಇಳಿಯುವುದು?

ವಿಷಯ ಏನೆಂದರೆ, ಗಿರಿನಗರದ ಈ ಮನೆಯ ವೈರಿಂಗ್ ನನ್ನಷ್ಟೇ ಹಳೆಯದು. ಗೀಸರ್, ಮಿಕ್ಸಿ, ನನ್ನ ಕಂಪ್ಯೂಟರ್, ಮೂರೂ ಒಟ್ಟಿಗೆ ಓಡಿದರೆ ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದಾಗ ಕರೆಂಟ್ ಕಡಿಯುವ ಸ್ವಿಚ್ಚು, ಟಪ್ ಅಂತ ಬೀಳುತ್ತದೆ. ನಾನು ಆಡುವುದು ನೋ ಮ್ಯಾನ್ಸ್ ಸ್ಕೈ ಅನ್ನುವ ಆಟ. ನೌಕೆ ಹತ್ತಿಕೊಂಡು ಗ್ರಹದಿಂದ ಗ್ರಹಕ್ಕೆ ಅಲೆಯುವುದು, ಅಷ್ಟೇ. ಅಲ್ಲಿ ನೌಕೆಯಿಂದ ಇಳಿದು ಕಾಲು ಕೆಳಗಿಟ್ಟರೆ ಆಟ ತಾನಾಗಿಯೇ ಸೇವ್ ಆಗುತ್ತದೆ. ಇಳಿಯದೆ ಹಾರಾಡುತ್ತಲೇ ಇರುವಾಗ ಕರೆಂಟ್ ಹೋಯಿತೋ, ಹಿಂದಿನ ಸಲ ಸೇವ್ ಆದ ಜಾಗಕ್ಕೇ ವಾಪಸ್. ಒಂದು ಭಾನುವಾರ ಒಂದೂವರೆ ಗಂಟೆ ಎಲ್ಲೂ ಇಳಿಯದೆ, ಬಾಹ್ಯಾಕಾಶದ ಬಂಡೆ ಒಡೆದು ಒಡೆದು ನೌಕೆ ತುಂಬಾ ಸರಕು ತುಂಬಿಕೊಂಡಿದ್ದೆ. ಅಮ್ಮ ಕಾಯಿಚಟ್ನಿಗೆ ಮಿಕ್ಸಿ ತಿರುಗಿಸಿದರು. ಟಪ್.

ಅವತ್ತು ನಾನು ದೋಸೆ ತಿನ್ನಲಿಲ್ಲ. ಮೂವತ್ತೈದು ದಾಟಿದ ಮಗ ಆಟಕ್ಕೋಸ್ಕರ ಮುನಿಸಿಕೊಂಡು ಕೂತಿದ್ದು ನೋಡಿ ಅಮ್ಮನಿಗೆ ಏನನ್ನಿಸಿತೋ, ಮಾರನೇ ದಿನದಿಂದ ಈ ಪ್ರಶ್ನೆ ಶುರುವಾಯಿತು.

ಅಪ್ಪನಿಗೆ ಆಟದ ಬಗ್ಗೆ ಆಸಕ್ತಿ ಇಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಅವರಿಗೆ ಬೇಕಾದ್ದು ಲೆಕ್ಕ. "ಒಟ್ಟು ಎಷ್ಟು ಗ್ರಹ ಇದೆಯೋ ಅದರಲ್ಲಿ?" ಅಂತ ಕೇಳಿದರು. ಹೇಳಿದೆ: 1,84,46,74,40,73,70,95,51,616. ಅರವತ್ನಾಲ್ಕು ಎರಡುಗಳನ್ನು ಸಾಲಾಗಿ ಬರೆದು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ. ಸುಮಾರು 1.84 ಲಕ್ಷ ಕೋಟಿ ಕೋಟಿ.

"ಎರಡು ಸಲ ಕೋಟಿ ಅಂದ್ಯಾ?"

"ಹೌದಪ್ಪ."

ಅಪ್ಪ ಕರೆಂಟ್ ಬಿಲ್ಲಿನ ಹಿಂಭಾಗಕ್ಕೆ ಪೆನ್ನು ಇಟ್ಟರು. ಒಂದೊಂದು ಗ್ರಹವನ್ನು ಬರೀ ಒಂದೊಂದು ಸೆಕೆಂಡ್ ನೋಡಿದರೂ ಮುಗಿಸಲು ಸುಮಾರು 58,500 ಕೋಟಿ ವರ್ಷ ಬೇಕು. ನಮ್ಮ ವಿಶ್ವಕ್ಕೇ ಈಗ ಸುಮಾರು 1,380 ಕೋಟಿ ವರ್ಷ. ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ಬ್ರಹ್ಮನ ಒಂದು ಹಗಲು ಅಂದರೆ 432 ಕೋಟಿ ವರ್ಷ. ಭಾಗಿಸಿದರು. "ಸಾಕ್ಷಾತ್ ಬ್ರಹ್ಮನೇ ಕೆಲಸ ಬಿಟ್ಟು ಆಡಿದರೂ 135 ಹಗಲು ಬೇಕಲ್ಲೋ. ರಾತ್ರಿ ಮಲಗಿದ ಲೆಕ್ಕ ಬೇರೆ." ನನ್ನ ಕಡೆ ನೋಡಿದ ನೋಟದಲ್ಲಿ ಬ್ರಹ್ಮನ ಬಗ್ಗೆ ಕಾಳಜಿ ಇತ್ತು, ನನ್ನ ಬಗ್ಗೆ ಇರಲಿಲ್ಲ.

ಇಷ್ಟು ಗ್ರಹಗಳನ್ನು ಕಂಪ್ಯೂಟರ್‌ನಲ್ಲಿ ಎಲ್ಲಿ ಇಟ್ಟಿದ್ದಾರೆ ಅನ್ನುವುದು ಮುಂದಿನ ಪ್ರಶ್ನೆ. ಎಲ್ಲೂ ಇಟ್ಟಿಲ್ಲ. ಒಂದೊಂದು ಗ್ರಹಕ್ಕೂ ಒಂದು ಸಂಖ್ಯೆ ಇದೆ. ನಾವು ಹತ್ತಿರ ಹೋದಾಗ ಆ ಸಂಖ್ಯೆಯಿಂದ ಬೆಟ್ಟ, ಸಮುದ್ರ, ಪ್ರಾಣಿ ಎಲ್ಲ ಲೆಕ್ಕ ಹಾಕಿ ಆಗಲೇ ಹುಟ್ಟಿಸುತ್ತದೆ. ಅದೇ ಸಂಖ್ಯೆ, ಅದೇ ಸೂತ್ರ ಆದ್ದರಿಂದ ಯಾರು ಹೋದರೂ ಅದೇ ಗ್ರಹ. ಅರ್ಧ ಗಂಟೆ ವಿವರಿಸಿದೆ. ಅಪ್ಪ ತಲೆ ಅಲ್ಲಾಡಿಸುತ್ತಲೇ ಇದ್ದರು, ಅಡ್ಡಡ್ಡ. ಕೊನೆಗೆ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದ ಅಮ್ಮ, "ಅಯ್ಯೋ, ರಂಗೋಲಿ ಥರ ಕಣ್ರೀ" ಅಂದರು. "15ರಿಂದ 8, ಮಧ್ಯ ಚುಕ್ಕೆ, ಹೀಗೆ ಸೇರಿಸು ಅಂತ ಫೋನಲ್ಲಿ ಹೇಳಿದರೆ ನಮ್ಮಕ್ಕ ಮೈಸೂರಲ್ಲಿ ಅದನ್ನೇ ಬಿಡಿಸಲ್ವಾ? ರಂಗೋಲಿನ ಪೋಸ್ಟಲ್ಲಿ ಕಳಿಸ್ತೀನಾ?"

ಹನ್ನೆರಡು ವರ್ಷದಿಂದ ಸಾಫ್ಟ್‌ವೇರ್‌ನಲ್ಲಿದ್ದೇನೆ. ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ನೋಡಿಲ್ಲ. ಇದೇ ಉಪಾಯವನ್ನು 1984ರಲ್ಲೇ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಅನ್ನುವ ಇಬ್ಬರು ಎಲೀಟ್ ಎಂಬ ಆಟಕ್ಕೆ ಬಳಸಿದ್ದರು. ಎಂಟು ಗ್ಯಾಲಕ್ಸಿ, ಒಂದೊಂದರಲ್ಲಿ 256 ನಕ್ಷತ್ರ, ಎಲ್ಲ 32 ಕೆಬಿ ಮೆಮೊರಿಯ ಬಿಬಿಸಿ ಮೈಕ್ರೋ ಕಂಪ್ಯೂಟರ್‌ನಲ್ಲಿ. ನಮ್ಮ ಫ್ಯಾಮಿಲಿ ಗ್ರೂಪಿಗೆ ಬೆಳಗ್ಗೆ ಬರುವ ಒಂದು ಶುಭೋದಯದ ಗುಲಾಬಿ ಹೂವಿಗೆ ಇದಕ್ಕಿಂತ ಜಾಸ್ತಿ ಜಾಗ ಬೇಕು.

ನನಗೆ ಈ ಹುಚ್ಚು ಹಿಡಿದದ್ದು ನೆಹರು ತಾರಾಲಯದಲ್ಲಿ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪನೇ ಕರೆದುಕೊಂಡು ಹೋಗಿದ್ದರು. ದೀಪ ಆರಿತು, ನೆತ್ತಿಯ ಮೇಲೆ ನಕ್ಷತ್ರ ಹತ್ತಿಕೊಂಡವು. ನಾನು ಬಾಯಿ ಬಿಟ್ಟುಕೊಂಡು ಕೂತೆ. ಪಕ್ಕದಲ್ಲಿ ಅಪ್ಪನೂ ಬಾಯಿ ಬಿಟ್ಟಿದ್ದರು. ಶನಿಗ್ರಹ ಬರುವಷ್ಟರಲ್ಲಿ ಅವರ ಗೊರಕೆ ಮೂರು ಸಾಲು ಹಿಂದಕ್ಕೂ ಕೇಳುತ್ತಿತ್ತು.

ಕಳೆದ ಮಳೆಗಾಲದಲ್ಲಿ ಸಹೋದ್ಯೋಗಿಯೊಬ್ಬನಿಂದ ವಿಆರ್ ಹೆಡ್‌ಸೆಟ್ ಎರವಲು ತಂದೆ. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ನೌಕೆಯ ಒಳಗೇ ಕೂತ ಹಾಗೆ. ಬೆನ್ನ ಹಿಂದೆ ಕೈ ಹಾಕಿ ಸಲಕರಣೆ ತೆಗೆಯಬೇಕು, ನೌಕೆಯ ಗಾಜಿನ ಮುಚ್ಚಳದ ಹಿಡಿಯನ್ನು ಕೈಯಾರೆ ಹಿಡಿದು ಎಳೆಯಬೇಕು. ಮೂರು ದಿನದಿಂದ ಬಿಟ್ಟೂ ಬಿಡದ ಮಳೆ. ಅಮ್ಮ ಹಾಲ್‌ನಲ್ಲೇ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಅದನ್ನು ನಾನು ನೋಡಿದ್ದೆ. ಆದರೆ ನೋಡಿದ್ದು ಭೂಮಿಯ ಮೇಲಿದ್ದಾಗ.

ಎದುರುಮನೆ ಆಂಟಿ ಹೆಪ್ಪು ಕೇಳಲು ಬಟ್ಟಲು ಹಿಡಿದು ಒಳಗೆ ಬಂದ ಹೊತ್ತಿಗೆ ಸರಿಯಾಗಿ ನಾನು ಮುಚ್ಚಳದ ಹಿಡಿ ಎಳೆದೆ. ಅಪ್ಪನ ಎರಡು ಪಂಚೆ, ಒಂದು ಬೆಡ್‌ಶೀಟ್, ನನ್ನ ಬನಿಯನ್ನುಗಳು ಹಗ್ಗದ ಸಮೇತ ಆಂಟಿಯ ಮೇಲೆ ಬಂದವು. ನನಗೆ ಇದ್ಯಾವುದೂ ಕಾಣಲಿಲ್ಲ. ನಾನು ನೇರಳೆ ಬಣ್ಣದ ಹುಲ್ಲುಗಾವಲಿನಲ್ಲಿ ಆರು ಕಾಲಿನ ಜಿಂಕೆಯಂಥದ್ದಕ್ಕೆ ತಿಂಡಿ ನೀಡುತ್ತಾ, "ಬಾ ಬಾ, ಹೆದರಬೇಡ" ಅನ್ನುತ್ತಿದ್ದೆ.

ಬೆಡ್‌ಶೀಟಿನ ಒಳಗಿಂದ ಆಂಟಿ ಅಮ್ಮನನ್ನು ಮೆಲ್ಲಗೆ ಕೇಳಿದ್ದು ಮಾತ್ರ ಕೇಳಿಸಿತು. "ಇವನಿಗೆ ಮೈಮೇಲೆ ಬರುತ್ತೇನ್ರೀ? ಎಷ್ಟು ದಿನದಿಂದ?"

ಮುಂದಿನ ಮಂಗಳವಾರ ಆಂಟಿ ನಿಂಬೆಹಣ್ಣು ಮಂತ್ರಿಸಿ ತಂದುಕೊಟ್ಟರು. ಅದು ಕಂಪ್ಯೂಟರಿನ ಮೇಲೇ ಇದೆ. ತೆಗೆಯಲು ಅಮ್ಮ ಬಿಡುತ್ತಿಲ್ಲ.

ಈ ಆಟದಲ್ಲಿ ಇನ್ನೊಂದು ಸೌಲಭ್ಯ ಇದೆ. ನಮಗಿಂತ ಮೊದಲು ಯಾರೂ ಕಾಲಿಡದ ಗ್ರಹಕ್ಕೆ ನಮಗೆ ಬೇಕಾದ ಹೆಸರು ಇಡಬಹುದು. ಒಮ್ಮೆ ವಿಷದ ಮಳೆ ಸುರಿಯುವ ಗ್ರಹದಲ್ಲಿ ಇಳಿದಿದ್ದೆ. ನೆಲದಿಂದ ಹಬೆ ಏಳುತ್ತಿತ್ತು, ಹಸಿರು ಮಂಜು, ಕಂಡ ಗಿಡವೆಲ್ಲ ಮುಳ್ಳು. ಕಾಫಿ ತಂದ ಅಮ್ಮ ಒಂದು ನಿಮಿಷ ಪರದೆಯನ್ನೇ ನೋಡಿ, "ಇದಕ್ಕೆ ನಿಮ್ಮತ್ತೆ ಹೆಸರಿಡು" ಅಂದು ಹೊರಟುಹೋದರು. ಅತ್ತೆ ಅಂದರೆ ಅಪ್ಪನ ಅಕ್ಕ. ಮೂವತ್ತೆಂಟು ವರ್ಷದ ಲೆಕ್ಕ ಅದು. ನಾನು ಸುಮ್ನೆ ಇಟ್ಟುಬಿಟ್ಟೆ.

ಅಪ್ಪನಿಗೆ ಹೆಸರಿನ ವಿಷಯ ಮಾತ್ರ ಗೊತ್ತಾಯಿತು, ಮಳೆಯ ವಿಷಯ ಗೊತ್ತಾಗಲಿಲ್ಲ. ಅವರು ಖುಷಿಯಾಗಿ ಅಕ್ಕನಿಗೆ ಫೋನ್ ಮಾಡಿದರು. ಮುಂದಿನ ಶನಿವಾರ ಅತ್ತೆ ರೇಷ್ಮೆ ಸೀರೆ ಉಟ್ಟು, ಕೋಡುಬಳೆ ಡಬ್ಬಿ ಹಿಡಿದು ರಾಜಾಜಿನಗರದಿಂದ ಆಟೋದಲ್ಲಿ ಬಂದಿಳಿದರು. ತಮ್ಮ ಹೆಸರಿನ ಗ್ರಹ ನೋಡಬೇಕಂತೆ.

ಬೇರೆ ಯಾವುದಾದರೂ ಚೆಂದದ ಗ್ರಹ ತೋರಿಸಿ ಜಾರಿಕೊಳ್ಳೋಣ ಅಂದುಕೊಂಡೆ. ಆದರೆ ಇಳಿಯುವಾಗ ಹೆಸರು ಪರದೆಯ ಮೇಲೆ ಮೂಡುತ್ತದೆ, ಅತ್ತೆಗೆ ಇಂಗ್ಲಿಷ್ ಓದಲು ಬರುತ್ತದೆ. ಬೇರೆ ದಾರಿ ಇರಲಿಲ್ಲ, ಅಲ್ಲೇ ಇಳಿಸಿದೆ. ತಕ್ಷಣ ಆಟವೇ ಎಚ್ಚರಿಕೆ ಕೊಡಲು ಶುರುಮಾಡಿತು.

"ಏನೋ ಅದು, ಮಳೆ ಹಸಿರಾಗಿದೆ?"

"ಅಲ್ಲಿ ಹಸಿರು ಜಾಸ್ತಿ ಅತ್ತೆ."

"ಪೀಂ ಪೀಂ ಅಂತಿರೋದು ಯಾಕೆ?"

"ನಿಮಗೆ ಸ್ವಾಗತ ಕೋರ್ತಿದೆ."

ಅಮ್ಮ ಕಾಫಿ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. ಅತ್ತೆ ಫೋನ್ ತೆಗೆದು ನಾಲ್ಕು ಫೋಟೋ ಹೊಡೆದು ಗ್ರೂಪಿಗೆ ಹಾಕಿದರು. ಮೊದಲ ಲೈಕ್ ಅಮ್ಮನದೇ.

ಈ ಎಲ್ಲ ಗಲಾಟೆಗೆ ಒಂದು ಯುಪಿಎಸ್ ತಂದರೆ ಪರಿಹಾರ ಅಂತ ಕೊನೆಗೂ ಜ್ಞಾನೋದಯವಾಯಿತು. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ. ಭಾನುವಾರ ಬೆಳಗ್ಗೆ ಕೊಡಲು ಬಂದ ಹುಡುಗನಿಗೆ ಮನೆ ಸಿಗಲಿಲ್ಲ. ಸಿಗುವುದು ಹೇಗೆ? ನಮ್ಮದು ಏಳನೇ ಎ ಕ್ರಾಸ್. ಏಳನೇ ಕ್ರಾಸಿನ ಪಕ್ಕದಲ್ಲಿಲ್ಲ. ಆಟದಲ್ಲಿ ಹನ್ನೆರಡು ಚಿಹ್ನೆ ಒತ್ತಿದರೆ ಇಡೀ ಗ್ಯಾಲಕ್ಸಿಯ ಯಾವ ಗ್ರಹಕ್ಕಾದರೂ ನೇರ ಹೋಗಿ ನಿಲ್ಲಬಹುದು. ಅಪ್ಪನೂ ದಿನಾ ಪೂಜೆಗೆ ಕೂತಾಗ ಶ್ವೇತವರಾಹ ಕಲ್ಪದಿಂದ ಶುರುಮಾಡಿ, ಜಂಬೂದ್ವೀಪೇ ಭರತವರ್ಷೇ, ಗೋದಾವರ್ಯಾಃ ದಕ್ಷಿಣೇ ತೀರೇ ಅಂತ ದೇವರಿಗೆ ವಿಳಾಸ ಒಪ್ಪಿಸುತ್ತಾರೆ. ಏಳನೇ ಎ ಕ್ರಾಸ್ ಮಾತ್ರ ಎರಡರಲ್ಲೂ ಬರುವುದಿಲ್ಲ.

ನಾನು ಹಾರಾಟದಲ್ಲಿದ್ದೆ. ಅಪ್ಪ ಸ್ನಾನಕ್ಕೆ ಗೀಸರ್ ಹಾಕಿ, ಹುಡುಗನ ಫೋನನ್ನು ತಾವೇ ತೆಗೆದುಕೊಂಡು ಸ್ಪೀಕರ್‌ಗೆ ಹಾಕಿದರು. "ಹಳೇ ರೇಷನ್ ಅಂಗಡಿ ಗೊತ್ತಲ್ಲ? ಅದು ಈಗಿಲ್ಲ. ಅದರ ಎದುರು ಸಂಪಿಗೆ ಮರ."

"ಇಲ್ಲಿ ಒಂದೂ ಮರ ಇಲ್ರಿ ಸರ."

"ಹೌದು, ಕಡಿದರು. ಅಲ್ಲಿಂದ ಇಳಿಜಾರು. ಇಳಿದ್ರಾ?"

ಅದೇ ಹೊತ್ತಿಗೆ ಅಡುಗೆಮನೆಯಿಂದ ಅಮ್ಮ, "ಇಳಿದ್ಯೇನೋ?"

"ಹ್ಞೂಂ ರೀ, ಇಳಿದೇನ್ರಿ!" ಅಂತ ಸ್ಪೀಕರ್‌ನಲ್ಲಿ ಹುಡುಗ.

ಮಿಕ್ಸಿ ತಿರುಗಿತು. ಟಪ್.

ನಾನು ಕತ್ತಲ ಪರದೆ ನೋಡುತ್ತಾ ಎರಡು ನಿಮಿಷ ಕೂತೆ. "ಬಂದುಬಿಟ್ಟ ಬಿಡು" ಅಂತ ಅಪ್ಪ ಫೋನ್ ಇಟ್ಟು, ಇದ್ದಷ್ಟು ಬಿಸಿನೀರಿಗೆ ಬಚ್ಚಲಿಗೆ ಹೋದರು. ನಾನು ಸ್ಟೂಲ್ ಎಳೆದುಕೊಂಡು ಹಿಂದಿನ ವರಾಂಡಕ್ಕೆ ಹೋಗಿ ಎಂಸಿಬಿ ಎತ್ತಿದೆ. ಅದು ಮತ್ತೆ ಬಿತ್ತು. ಗೀಸರ್ ಆರಿಸಿ ಬಂದು ಇನ್ನೊಮ್ಮೆ ಎತ್ತಿದೆ. ದೀಪ ಬಂತು, ಫ್ಯಾನ್ ತಿರುಗಿತು, ಫೋನ್ ಟಿಣ್ ಅಂದಿತು.

ಮೆಸೇಜು: ನಿಮ್ಮ ಯುಪಿಎಸ್ ತಲುಪಿಸಲು ಬಂದಿದ್ದೆವು. ಕಾಲಿಂಗ್ ಬೆಲ್‌ಗೆ ಉತ್ತರವಿಲ್ಲ.