ತಿಂಡಿ ಕಾರಿನಲ್ಲಿ ಬೇಡ

ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಗಾಳಿಗೆ ಹಾರಿದ ಟೆಂಟ್ ಹಿಂದೆ ನಿಮ್ಮ ಮಾವ ಪಂಚೆ ಎತ್ತಿಕೊಂಡು ಓಡಿದ್ದು ನಿಮ್ಮ ಪ್ರವಾಸದ ಬರಹದಲ್ಲಿ ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆದರೆ ‘ತಿಂಡಿ ಕಾರಿನಲ್ಲಿಟ್ಟು ಲಾಕ್ ಮಾಡಿದರೆ ಸಾಕು’ ಅಂತ ಬರೆದಿದ್ದೀರಲ್ಲ, ಅದು ತಪ್ಪು. ಅಲ್ಲಿ ಕರಡಿಗಳ ಕಾಟ, ಕತ್ತಲಾದ ಮೇಲೆ ಕಾರಿನಲ್ಲಿ ಆಹಾರ ಇಡುವಂತೆಯೇ ಇಲ್ಲ. ವಾಸನೆ ಬರುವ ಟೂತ್‌ಪೇಸ್ಟ್, ಸೋಪು ಕೂಡ ಕರಡಿಗೆ ತೆರೆಯಲಾಗದ ಕಬ್ಬಿಣದ ಲಾಕರಿಗೇ ಹೋಗಬೇಕು. ಎಲೆ ಉದುರುವ ಕಾಲದಲ್ಲಿ ಕರಡಿ ಚಳಿಗಾಲಕ್ಕೆ ಕೊಬ್ಬು ಕೂಡಿಸುತ್ತಿರುತ್ತದೆ, ದಿನಕ್ಕೆ 20,000 ಕ್ಯಾಲೊರಿವರೆಗೂ ತಿನ್ನುತ್ತದೆ. ನಾವು ಅಕ್ಟೋಬರ್‌ನಲ್ಲಿ ಹೋದಾಗ ಪಕ್ಕದವರ ಕಾರಿನ ಬಾಗಿಲು ದೋಸೆ ಮಡಿಸಿದ ಹಾಗೆ ಬಗ್ಗಿತ್ತು. ಗಾಜಿನ ಮೇಲೆ ಕೆಸರುಗಾಲಿನ ಗುರುತು, ಸೀಟಿನಲ್ಲಿ ಹರಿದ ಬಿಸ್ಕತ್ತಿನ ಪೊಟ್ಟಣ. ಕಾರು ಹೇಗೋ ರಿಪೇರಿ ಆಗುತ್ತದೆ. ಜನರ ಊಟದ ರುಚಿ ಹತ್ತಿದ ಕರಡಿಯನ್ನು ಎಷ್ಟೋ ಸಲ ಕೊಲ್ಲಬೇಕಾಗುತ್ತದೆ, ನನಗೆ ಅದೇ ಸಂಕಟ. ದಯವಿಟ್ಟು ಆ ಸಾಲು ತಿದ್ದಿ.