ತರಕಾರಿ ಮಡಿಗೆ ಹಿಡಿದ ಮಡಿ

ನಾಲ್ಕು ದಿನ ಹುಬ್ಬಳ್ಳಿಯ ಮಗಳ ಮನೆಯಲ್ಲಿದ್ದು ಇಂದು ಬೆಳಿಗ್ಗೆ ಮೈಸೂರಿಗೆ ಮರಳಿದೆ. ಚೀಲವನ್ನು ಜಗುಲಿಯ ಮೇಲಿಟ್ಟು, ಕೈಕಾಲು ತೊಳೆಯುವುದಕ್ಕೂ ಮೊದಲು ಹಿತ್ತಲಿಗೆ ಹೋದೆ. ಹಸಿರೆಲೆ ಗೊಬ್ಬರಕ್ಕೆಂದು ನಾನೇ ಬಿತ್ತಿ, ಎದೆಯೆತ್ತರ ಬೆಳೆದಿದ್ದ ಅಪ್ಸೆಣಬು ಇರಬೇಕಾದ ಜಾಗದಲ್ಲಿ ಬೋಳು ನೆಲವಿತ್ತು. ಒಂದು ಕಡ್ಡಿಯಿಲ್ಲ, ಒಂದು ಎಲೆಯಿಲ್ಲ. ಪೊರಕೆಯ ಗೆರೆಗಳು ಮಾತ್ರ ಬಹಳ ಅಚ್ಚುಕಟ್ಟಾಗಿ ಮೂಡಿದ್ದವು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಯಜಮಾನರು ಮುಖ ತೋರಿಸಿ, "ಮೇಷ್ಟ್ರೇ, ನೀವು ಊರಲ್ಲಿರ್ಲಿಲ್ಲ, ಕಳೆ ಆಳೆತ್ತರ ಬಂದ್ಬಿಟ್ಟಿತ್ತು. ನಮ್ಮ ಮಾಲಿ ಬಂದಿದ್ದ, ಹಂಗೇ ನಿಮ್ಮದೂ ಕ್ಲೀನ್ ಮಾಡಿಸ್ದೆ. ಬೇರಿಗೆಲ್ಲಾ ಗಂಟುರೋಗ ಬೇರೆ ಬಂದಿತ್ತು, ಅದಕ್ಕೇ ಬುಡಸಮೇತ ಕೀಳ್ಸಿ ಕಸದ ಗಾಡಿಗೆ ಹಾಕ್ಸಿದೀನಿ" ಎಂದರು. ಮಾಲಿಗೆ ಕೊಟ್ಟ ಇನ್ನೂರು ರೂಪಾಯಿಯನ್ನು ನಾನು ಈಗಲೇ ಕೊಡಬೇಕಾಗಿಲ್ಲವಂತೆ.

ನಾನು "ಆಗಲಿ ಸಾರ್, ಥ್ಯಾಂಕ್ಸ್" ಎಂದು ಒಳಗೆ ಬಂದೆ. ಎದುರಿಗೆ ನಿಂತು ಹೇಳಲಾಗದ್ದನ್ನು ಇಲ್ಲಿ ಬರೆಯುವ ನನ್ನ ಅಭ್ಯಾಸ ನಿಮಗೆಲ್ಲ ಗೊತ್ತೇ ಇದೆ.

ಆ 'ಕಳೆ'ಗೆ ಕೀಳುವ ದಿನ 42 ದಿನ ತುಂಬಿತ್ತು. ಮೇ ತಿಂಗಳ ಗುಡುಗು ಮಳೆ ಬಿದ್ದ ಮರುದಿನ, ಹಳೆಯ ಬೆಂಡೆಗಿಡಗಳನ್ನು ತೆಗೆದು, ಹತ್ತಡಿ ಉದ್ದ ಹತ್ತಡಿ ಅಗಲದ ಮಡಿಗೆ ಒಂದು ಹಿಡಿ, ಅಂದರೆ ಸುಮಾರು 50 ಗ್ರಾಂ, ಬೀಜ ಚೆಲ್ಲಿ ಕೈಯಿಂದ ಮಣ್ಣು ಎಳೆದಿದ್ದೆ. ಹೊಲದಲ್ಲಿ ಎಕರೆಗೆ ಸುಮಾರು 20 ಕಿಲೋ ಬೀಜ ಹಾಕುವ ಲೆಕ್ಕವನ್ನು ಹಿತ್ತಲಿಗೆ ಇಳಿಸಿದರೆ ಇಷ್ಟೇ ಆಗುತ್ತದೆ. ಹೊಲದಲ್ಲಿ ಎಕರೆಗೆ 6ರಿಂದ 8 ಟನ್ ಹಸಿಸೊಪ್ಪು ಕೊಡುವ ಈ ಬೆಳೆ ನನ್ನ ಈ ಪುಟ್ಟ ಮಡಿಗೆ ಹದಿನೈದು ಕಿಲೋ ಆದರೂ ಕೊಡಬೇಕಿತ್ತು. ಮೊಗ್ಗು ಕಾಣಿಸಿಕೊಳ್ಳುವ ಹೊತ್ತಿಗೆ, ಅಂದರೆ ಇನ್ನು ಮೂರು ನಾಲ್ಕು ದಿನಗಳಲ್ಲಿ, ಕುಡುಗೋಲಿನಿಂದ ಬುಡಕ್ಕೆ ಕೊಯ್ದು, ತುಂಡರಿಸಿ ಅಲ್ಲೇ ಹರಡಿ, ಬೇರನ್ನು ಮಣ್ಣಿನೊಳಗೇ ಕೊಳೆಯಲು ಬಿಡುವುದು ನನ್ನ ಯೋಜನೆಯಾಗಿತ್ತು. ಅದಕ್ಕಾಗಿಯೇ ಹುಬ್ಬಳ್ಳಿಯಿಂದ ಎರಡು ದಿನ ಮುಂಚಿತವಾಗಿ ಹೊರಟು ಬಂದಿದ್ದೆ, ಮೊಮ್ಮಗಳು ಅತ್ತಳು.

ಕೀಳಿಸಿದ್ದಕ್ಕಿಂತ ನನ್ನನ್ನು ಹೆಚ್ಚು ಉರಿಸಿದ್ದು ಆ 'ಗಂಟುರೋಗ' ಎಂಬ ಮಾತು. ಕಳೆದ ವರ್ಷ ಅದೇ ಮಡಿಯ ಬೆಂಡೆ ಬೆಳವಣಿಗೆ ಕುಂದಿ, ಹಗಲು ಬಾಡಿ ಸಂಜೆ ಚೇತರಿಸಿಕೊಳ್ಳುತ್ತಿದ್ದಾಗ ಕಿತ್ತು ನೋಡಿದರೆ ಬೇರಿನ ತುಂಬ ಗಂಟುಗಳಿದ್ದವು. ಅದು ನಿಜವಾದ ರೋಗ. ಮಣ್ಣಿನಲ್ಲಿರುವ, ಬರಿಗಣ್ಣಿಗೆ ಕಾಣದ ಜಂತುಹುಳುಗಳು ಬೇರನ್ನು ಹೊಕ್ಕಾಗ ಬೇರೇ ಊದಿಕೊಂಡು ಆಗುವ ಗಂಟು ಅದು. ಈ ಸಲ ನಾನು ಬೇರಾವುದನ್ನೂ ಬಿಟ್ಟು ಅಪ್ಸೆಣಬನ್ನೇ ಆರಿಸಿಕೊಂಡದ್ದಕ್ಕೆ ಕಾರಣವೂ ಅದೇ: ಈ ಗಿಡದ ಬೇರಿನಲ್ಲಿ ಆ ಜಂತುಹುಳುಗಳ ಸಂತಾನ ವೃದ್ಧಿಯಾಗುವುದಿಲ್ಲ. ಅಲಸಂದೆಯ ಹಲವು ತಳಿಗಳಲ್ಲಾದರೆ ಅವು ಸಂತೋಷದಿಂದ ಸಂಸಾರ ಹೂಡುತ್ತವೆ. ಹೀಗೆ ಗಂಟುರೋಗ ಓಡಿಸಲು ತಂದ ಗಿಡವನ್ನೇ ಗಂಟುರೋಗ ಬಂದಿದೆಯೆಂದು ಕಿತ್ತು ಕಸದ ಗಾಡಿಗೆ ಹಾಕಲಾಗಿದೆ. ವೈದ್ಯರನ್ನೇ ರೋಗಿಯೆಂದು ಆಸ್ಪತ್ರೆಯಿಂದ ಆಚೆ ತಳ್ಳಿದ ಹಾಗೆ.

ಅಪ್ಸೆಣಬಿನ ಬೇರಿನಲ್ಲಿದ್ದ ಗಂಟು ಬೇರೆ ಜಾತಿಯದು. ಅದು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಬೆರಳಿನಿಂದ ತೀಡಿದರೆ ಕಳಚಿಕೊಳ್ಳುತ್ತದೆ. ಜಂತುಹುಳುವಿನ ಗಂಟು ಎಷ್ಟು ತೀಡಿದರೂ ಕಳಚದು. ಅಪ್ಸೆಣಬಿನ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣ ಕಾಣುತ್ತದೆ, ಏಕೆಂದರೆ ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಹತ್ತಿರದ ನಂಟನೊಂದು ಅಲ್ಲಿದೆ. ಅದರೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಬಡಿಸುತ್ತಿರುತ್ತವೆ. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವೇ ಇದ್ದರೂ ಬದನೆಯಾಗಲಿ ಟೊಮೆಟೊ ಆಗಲಿ ಅದನ್ನು ಮುಟ್ಟಲಾರವು. ಬೇರುಗಂಟಿನ ಈ ಕೆಲಸವನ್ನು ಜರ್ಮನಿಯ ವಿಜ್ಞಾನಿ ಹೆಲ್‌ರೀಗಲ್ 1886ರಲ್ಲೇ ಜಗತ್ತಿನ ಮುಂದಿಟ್ಟಿದ್ದರು.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಲೇಬೇಕು. ಯಜಮಾನರು ಮಾತನಾಡುವಾಗ ಅವರ ಪಕ್ಕದಲ್ಲಿ ಅವರ ಮಗನೂ ಹಲ್ಲುಜ್ಜುತ್ತಾ ನಿಂತಿದ್ದ. ಅವನು ನನ್ನ ವಿದ್ಯಾರ್ಥಿ. ದ್ವಿದಳ ಧಾನ್ಯದ ಗಿಡದ ಬೇರುಗಂಟಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿ ಪೂರ್ತಿ ಅಂಕ ಪಡೆದವನು; ಆ ಅಂಕವನ್ನು ಹಾಕಿದವನು ನಾನೇ. ಅಂಥವನು ಆ ಬೇರುಗಳು ಗಾಡಿ ಸೇರುವುದನ್ನು ನೋಡಿ ಸುಮ್ಮನಿದ್ದ. ಅವನನ್ನು ಬೈಯಲು ನನಗೆ ಬಾಯಿಲ್ಲ. 29 ವರ್ಷ ಬಣ್ಣಬಣ್ಣದ ಸೀಮೆಸುಣ್ಣದಲ್ಲಿ ಆ ಚಿತ್ರವನ್ನು ಹಲಗೆಯ ಮೇಲೆ ಬಿಡಿಸಿದೆನೇ ಹೊರತು ಒಂದು ದಿನವೂ ಮಕ್ಕಳನ್ನು ಹೊರಗೆ ಕರೆದೊಯ್ದು ಗಿಡ ಕಿತ್ತು ತೋರಿಸಲಿಲ್ಲ. ಶಾಲೆಯ ಮೈದಾನದ ಅಂಚಿನಲ್ಲಿ ಮುಟ್ಟಿದರೆ ಮುನಿ ಬೇಕಾದಷ್ಟು ಬೆಳೆದಿತ್ತು. ಅದರ ಬೇರಿನಲ್ಲೂ ಇದೇ ಗಂಟು ಇರುತ್ತದೆ. ಪಾಠ ಮುಗಿಸುವ ಅವಸರ, ಮತ್ತೇನು.

ಇರಲಿ. ನನ್ನ ಜಗಳ ಒಬ್ಬ ನೆರೆಯವರ ಜೊತೆಗಲ್ಲ. ನಮ್ಮ ಬಡಾವಣೆಯ ಈ ಬೋಳು ನೆಲದ ಮೋಹದ ಜೊತೆಗೆ. ತರಕಾರಿ ಮಡಿಗೆ ಅದು ಯಾವಾಗ ಈ ಇನ್ನೊಂದು ಮಡಿ ಅಂಟಿಕೊಂಡಿತೋ ತಿಳಿಯದು. ಎಲೆ ಬಿದ್ದರೆ ಮೈಲಿಗೆ, ಹುಲ್ಲು ಚಿಗುರಿದರೆ ಸೂತಕ. ನೆಲ ಕಾಣುವ ಹಾಗೆ ಕೆರೆಸಿ, ಗುಡಿಸಿ, ಒಣ ಎಲೆಗೆ ಬೆಂಕಿ ಕೊಟ್ಟು, ಅದೇ ವಾರ ನರ್ಸರಿಗೆ ಹೋಗಿ ಎರೆಗೊಬ್ಬರ, ಕೋಕೋಪೀಟ್ ಮತ್ತು ಬೇವಿನ ಹಿಂಡಿಯ ಚೀಲಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬರುವವರನ್ನು ನಾನು ನೋಡುತ್ತಲೇ ಇದ್ದೇನೆ. ಮಳೆಗಾಲದಲ್ಲಿ ಇವರ ಕಾಂಪೌಂಡ್ ಗೋಡೆಯನ್ನು ಗಮನಿಸಿ: ನೆಲದಿಂದ ಒಂದಡಿ ಎತ್ತರದವರೆಗೆ ಕೆಮ್ಮಣ್ಣಿನ ಚುಕ್ಕೆಗಳು ಹಾರಿರುತ್ತವೆ. ದಪ್ಪ ಮಳೆಹನಿ ನೆಲಕ್ಕೆ ಬಡಿಯುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರ್, ಎಂದರೆ ಗಂಟೆಗೆ 30 ಕಿಲೋಮೀಟರಿಗಿಂತ ಹೆಚ್ಚು. ಬೋಳು ಮಣ್ಣು ಆ ಏಟಿಗೆ ಒಡೆದು, ನುಣುಪು ಕಣಗಳು ರಂಧ್ರಗಳನ್ನು ಮುಚ್ಚಿ, ಬಿಸಿಲು ಬಂದ ಮೇಲೆ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗುತ್ತದೆ. ಆಮೇಲೆ ಬಿದ್ದ ನೀರು ಒಳಗಿಳಿಯದೆ ಮೋರಿಗೆ ಹರಿಯುತ್ತದೆ, ಹೋಗುವಾಗ ಆ ಎರೆಗೊಬ್ಬರವನ್ನೂ ಕರೆದುಕೊಂಡು ಹೋಗುತ್ತದೆ. ಮತ್ತೆ ನರ್ಸರಿ, ಮತ್ತೆ ಡಿಕ್ಕಿ.

ನಾಗಮಂಗಲದ ಕಡೆಯ ನಮ್ಮ ಹೊಲದಲ್ಲಿ ಬೋಳು ನೆಲಕ್ಕೆ ಇಷ್ಟು ಮರ್ಯಾದೆ ಇರಲಿಲ್ಲ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಇರುತ್ತಿದ್ದವು. ರಾಗಿ ಕೊಯ್ದ ಮೇಲೂ ಅವರೆ ನೆಲವನ್ನು ಬಿಟ್ಟುಕೊಡುತ್ತಿರಲಿಲ್ಲ. ಮುಂಗಾರು ಕೈಕೊಟ್ಟ ವರ್ಷ ಹೊಲ ಖಾಲಿ ಬಿಡುವ ಬದಲು ಹುರುಳಿ ಚೆಲ್ಲುತ್ತಿದ್ದರು. ನಮ್ಮ ತಂದೆಗೆ 'ಹೊದಿಕೆ ಬೆಳೆ' ಎಂಬ ಪದ ಗೊತ್ತಿರಲಿಲ್ಲ. ನನಗೆ ಪದ ಗೊತ್ತಿತ್ತು, ಕೆಲಸ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎನ್ನುವುದಕ್ಕೆ ನಿವೃತ್ತಿಯ ಮೊದಲ ವರ್ಷದ ನನ್ನ ಪ್ರತಾಪವೇ ಸಾಕ್ಷಿ. ಆಗಲೂ ಅಪ್ಸೆಣಬನ್ನೇ ಹಾಕಿದ್ದೆ. ಹಳದಿ ಹೂ ಬಹಳ ಚೆನ್ನಾಗಿದೆ ಎಂದು, ಫೋಟೋ ತೆಗೆದು ಇಲ್ಲಿಯೇ ಹಾಕುವ ಆಸೆಯಿಂದ, ಎಪ್ಪತ್ತು ದಿನ ಬಿಟ್ಟೆ. ನಿಮ್ಮಲ್ಲಿ ಅನೇಕರು ಅದಕ್ಕೆ ಲೈಕ್ ಕೂಡ ಒತ್ತಿದ್ದಿರಿ. ನಾರಿಗಾಗಿಯೇ ಹೆಸರಾದ ಗಿಡವದು ಎಂಬುದು ಕುಡುಗೋಲು ಹಾಕಿದಾಗ ನೆನಪಾಯಿತು, ಕಾಂಡ ಹಗ್ಗವಾಗಿತ್ತು. ಹೇಗೋ ಮಣ್ಣಿಗೆ ಸೇರಿಸಿ, ನಾಲ್ಕೇ ದಿನಕ್ಕೆ ಬದನೆ ಸಸಿ ನೆಟ್ಟೆ. ಸಸಿಗಳು ಹಳದಿಯಾಗಿ ನಿಂತವು. ಬಲಿತ ನಾರು ಕೊಳೆಯುವಾಗ ಮಣ್ಣಿನ ಸೂಕ್ಷ್ಮಜೀವಿಗಳು ಇರುವ ಸಾರಜನಕವನ್ನೂ ತಮಗೇ ಎಳೆದುಕೊಳ್ಳುತ್ತವೆ, ಗಿಡಕ್ಕೆ ಉಳಿಯುವುದಿಲ್ಲ. ಗಿಡ ಎಳೆಯದಾಗಿರುವಾಗಲೇ ಕೊಯ್ಯಬೇಕು, ಮಣ್ಣಿಗೆ ಸೇರಿಸಿದ ಮೇಲೆ ಎರಡು ಮೂರು ವಾರ ಕೈಕಟ್ಟಿ ಕೂರಬೇಕು. ಈ ಎರಡನೆಯದು ನನ್ನಂಥ ಅವಸರದವನಿಗೆ ನಿಜವಾದ ಶಿಕ್ಷೆ.

ಆಮೇಲೆ ಮಡಿ ನೋಡಿ ಬೆಳೆ ಆರಿಸುವುದನ್ನು ಕಲಿತೆ. ಸಂಪಿನ ಪಕ್ಕದ ಮೂಲೆಯಲ್ಲಿ ನೀರು ನಿಲ್ಲುತ್ತದೆ. ಅಲ್ಲಿ ಡಯಾಂಚ ಎಂಬ ಇನ್ನೊಂದು ಹಸಿರೆಲೆ ಗೊಬ್ಬರದ ಗಿಡ, ಏಕೆಂದರೆ ನೀರು ನಿಂತರೂ ಅದು ಲೆಕ್ಕಿಸುವುದಿಲ್ಲ, ಕಾವೇರಿ ನಾಲೆಯ ಗದ್ದೆಗಳಲ್ಲಿ ಭತ್ತಕ್ಕೆ ಮೊದಲು ಅದನ್ನು ಹಾಕುವುದು ಸುಮ್ಮನೆ ಅಲ್ಲ. ಗೇಟಿನ ಬಳಿಯ ಒಣ ಪಟ್ಟಿಗೆ ಹುರುಳಿ, ಅದೂ ಮಳೆಗಾಲ ಕಳೆಯುವ ಹೊತ್ತಿಗೆ. ಬೀಜಕ್ಕಾಗಿ ಅಲೆಯಲಾರೆ ಎನ್ನುವವರು ಅಡುಗೆಮನೆಯ ಡಬ್ಬಿ ತೆರೆಯಲಿ. ಹೆಸರು, ಹುರುಳಿ, ಅಲಸಂದೆಯಿಂದ ಹತ್ತು ಹತ್ತು ಕಾಳು ನೆನೆಹಾಕಿ ಮೊಳಕೆ ಬಂದರೆ ಅದೇ ಬೀಜ. ಮೆಂತ್ಯವೂ ಈ ಕಾಳುಗಳ ಕುಟುಂಬದ್ದೇ ಎಂಬುದನ್ನು ನಾವು ಮರೆತೇಬಿಡುತ್ತೇವೆ. ಸಾಸಿವೆ ಬೇಗ ಎದ್ದು ನೆಲ ಮುಚ್ಚುತ್ತದೆ, ಆದರೆ ಸಾರಜನಕ ಕೊಡುವುದಿಲ್ಲ, ಮತ್ತು ಅದರ ಹಿಂದೆಯೇ ಕೋಸು ಹೂಕೋಸು ನೆಡುವುದು ಒಂದೇ ಕುಟುಂಬದ ರೋಗಗಳನ್ನು ಊಟಕ್ಕೆ ಕರೆದ ಹಾಗೆ.

ಇಷ್ಟೆಲ್ಲ ಓದಿದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತೀರಿ: ಇರುವುದೇ ಮುನ್ನೂರು ಚದರಡಿ ಹಿತ್ತಲು, ಅದರಲ್ಲಿ ತಿನ್ನಲು ಬಾರದ ಬೆಳೆಗೆ ಎರಡು ತಿಂಗಳು ಬಿಟ್ಟುಕೊಟ್ಟರೆ ಸಾರಿಗೆ ಏನು ಹಾಕುವುದು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದನ್ನು ಕೇಳುವವರ ಹಿತ್ತಲು ಫೆಬ್ರವರಿಯಿಂದ ಮೇವರೆಗೆ ಖಾಲಿ ಬಿದ್ದು ಕಾದ ಹಂಚಾಗಿರುತ್ತದೆ, ಆಗ ಸಾರಿನ ಚಿಂತೆ ಕಾಡುವುದಿಲ್ಲ. ನಾನು ಮೂರು ಮಡಿಗಳಲ್ಲಿ ಒಂದಕ್ಕೆ ಮಾತ್ರ ಸರದಿಯಲ್ಲಿ ಇದನ್ನು ಹಾಕುತ್ತೇನೆ. ಉಳಿದೆರಡರಲ್ಲಿ ದಂಟು, ಬದನೆ, ಮೆಣಸಿನಕಾಯಿ ಇದ್ದೇ ಇವೆ. ಹಾವು ಬರುತ್ತದೆ ಎನ್ನುವ ಇನ್ನೊಂದು ಮಾತಿದೆ. ಹಾವು ಇಲಿಯನ್ನು ಹುಡುಕಿಕೊಂಡು ಬರುತ್ತದೆ, ಇಲಿ ಅಡುಗೆಮನೆಯ ಕಸವನ್ನು ಹುಡುಕಿಕೊಂಡು ಬರುತ್ತದೆ. ಆ ಕಸ ಯಾರ ಕಾಂಪೌಂಡಿನ ಮೂಲೆಯಲ್ಲಿ ರಾಶಿ ಬೀಳುತ್ತದೆಂದು ನಾನು ಇಲ್ಲಿ ಬರೆಯುವುದಿಲ್ಲ, ನೆರೆಹೊರೆ ಉಳಿಯಬೇಕು.

ಮಾಲಿಯ ಮೇಲೆ ನನಗೆ ಸಿಟ್ಟಿಲ್ಲ. ಅವನು ಹಳ್ಳಿಯವನು. ಮಧ್ಯಾಹ್ನ ಬೀದಿಯ ತುದಿಯಲ್ಲಿ ಸಿಕ್ಕಾಗ ತಾನಾಗಿಯೇ, "ಅದು ಸೆಣಬು ಅಂತ ಗೊತ್ತಿತ್ತು ಸಾರ್, ಹೇಳ್ದೆ. ಕೀಳು ಅಂದ್ರು, ಕಿತ್ತೆ" ಎಂದ. ಇನ್ನೂರು ರೂಪಾಯಿಯನ್ನು ಸಂಜೆ ಪಕ್ಕದ ಮನೆಗೆ ಕೊಟ್ಟು ಬಂದೆ. ಬರುವಾಗ ಅವರ ಮಗನನ್ನು ಕರೆದು, ಮಡಿಯ ಮೂಲೆಯಲ್ಲಿ ಗುಡಿಸುವಾಗ ತಪ್ಪಿಸಿಕೊಂಡಿದ್ದ ಒಂದು ಬೇರನ್ನು ಕೈಗಿಟ್ಟು, ಉಗುರಿನಿಂದ ಒಂದು ಗಂಟು ಸೀಳು ಎಂದೆ. ಬಾಡಿದ್ದ ಬೇರಿನಲ್ಲಿ ಕೆಂಪು ಕಾಣಲಿಲ್ಲ, ಕಂದು ಬಣ್ಣಕ್ಕೆ ತಿರುಗಿತ್ತು. "ಪುಸ್ತಕದಲ್ಲಿ ಪಿಂಕ್ ಅಂತ ಇತ್ತಲ್ಲ ಸಾರ್" ಎಂದ.

ಡಬ್ಬಿಯಲ್ಲಿ ಇನ್ನೂ ಅರವತ್ತು ಗ್ರಾಂ ಬೀಜ ಉಳಿದಿತ್ತು. ಕತ್ತಲಾಗುವ ಮೊದಲು ಎಲ್ಲವನ್ನೂ ಅದೇ ಮಡಿಗೆ ಚೆಲ್ಲಿದ್ದೇನೆ. ಆಗಸ್ಟ್ ಮಧ್ಯದವರೆಗೆ ಹುಬ್ಬಳ್ಳಿಗೆ ಬರಲಾಗುವುದಿಲ್ಲವೆಂದು ಮಗಳಿಗೆ ಫೋನ್ ಮಾಡಿ ಹೇಳಿಯಾಗಿದೆ; ಕಾರಣ ಕೇಳಿ ಅವಳು ಅರ್ಧಕ್ಕೇ ಫೋನ್ ಇಟ್ಟಳು.